ಆಸ್ಪತ್ರೆ ಬಿಟ್ಟು ಸ್ವಂತ ಕ್ಲಿನಿಕ್ ತೆರೆಯುವ ಮುನ್ನ

ವರ್ಷಗಟ್ಟಲೆ ಹೃದಯವನ್ನೋ ಮೂಳೆಯನ್ನೋ ಮಾತ್ರ ನೋಡಿದ ತಜ್ಞವೈದ್ಯರು ಮುಂಬಯಿ ಕಡೆಯ ಡೊಂಬಿವಲಿಯಲ್ಲೋ ಭಾಂಡುಪ್‌ನಲ್ಲೋ ಫ್ಯಾಮಿಲಿ ಡಾಕ್ಟರ್ ಆಗಲು ಹೊರಟರೆ ಅದು ಸಂತೋಷದ ಸಂಗತಿಯೇ. ಆದರೆ ಜಾಗ ಹುಡುಕುವ ಮೊದಲೇ ಆಗಬೇಕಾದ ತಯಾರಿಯೊಂದಿದೆ.

ಅನುಭವಿ ಫ್ಯಾಮಿಲಿ ಡಾಕ್ಟರೊಬ್ಬರನ್ನು ಕೇಳಿಕೊಂಡು ಸಂಜೆ ಹೊತ್ತು ಅವರ ಪಕ್ಕ ಕೂರಿ. ಇಡೀ ಮಳೆಗಾಲ ಕೂತರೆ ಒಳ್ಳೆಯದು. ಆಸ್ಪತ್ರೆಯ ತಜ್ಞರ ಬಳಿ ಬರುವ ರೋಗಿಯ ಕೈಯಲ್ಲಿ ರಿಪೋರ್ಟ್‌ಗಳ ಫೈಲ್ ಇರುತ್ತದೆ. ಇಲ್ಲಿ ಇರುವುದು ‘ಎರಡು ದಿನದಿಂದ ಜ್ವರ, ಮೈಕೈ ನೋವು ಡಾಕ್ಟ್ರೇ’ ಎಂಬ ಮಾತಷ್ಟೇ. ಜುಲೈ ತಿಂಗಳಲ್ಲಿ ಅದು ಬರೀ ವೈರಲ್ ಜ್ವರ ಇರಬಹುದು, ಮಲೇರಿಯಾ, ಡೆಂಗಿ, ಲೆಪ್ಟೊಸ್ಪೈರೋಸಿಸ್ ಕೂಡ ಇರಬಹುದು. ನಿಂತ ನೀರಲ್ಲಿ ನಡೆದಿದ್ದೀರಾ, ಕಾಲಲ್ಲಿ ಗಾಯ ಇದೆಯಾ ಎಂದು ಕೇಳದೆ ಚೀಟಿ ಬರೆಯಬಾರದು. ಯಾರಿಗೆ ಇವತ್ತೇ ರಕ್ತಪರೀಕ್ಷೆ, ಯಾರು ನಾಳೆ ಬಂದರೆ ಸಾಕು, ಯಾರನ್ನು ಈಗಲೇ ಕೆಇಎಮ್ ಆಸ್ಪತ್ರೆಗೋ ಸಾಯನ್ ಆಸ್ಪತ್ರೆಗೋ ಕಳಿಸಬೇಕು ಎಂಬ ವಿವೇಚನೆ ಪುಸ್ತಕದಿಂದ ಬರುವುದಿಲ್ಲ. ಹೋಟೆಲ್ ಕೆಲಸದ ನಮ್ಮೂರ ಹುಡುಗರು ಎರಡು ವಾರದ ಕೆಮ್ಮನ್ನೂ ಹೊಗೆಯ ತಲೆಗೆ ಕಟ್ಟಿ ಸುಮ್ಮನಿರುತ್ತಾರೆ. ಕಫದ ಪರೀಕ್ಷೆ ಮಾಡಿಸಿ. ಕ್ಷಯ ಖಚಿತವಾದರೆ ಸರ್ಕಾರಕ್ಕೆ ತಿಳಿಸುವುದು 2012ರಿಂದ ಖಾಸಗಿ ವೈದ್ಯರಿಗೂ ಕಡ್ಡಾಯ.

ಮಕ್ಕಳ ಲಸಿಕೆ, ಚರ್ಮ, ಮಧುಮೇಹ ಮರೆತಿದ್ದರೆ ವೆಲ್ಲೂರಿನ ಸಿಎಂಸಿಯ ಫ್ಯಾಮಿಲಿ ಮೆಡಿಸಿನ್ ದೂರಶಿಕ್ಷಣ ಕೋರ್ಸ್ ವಿಚಾರಿಸಿ. ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ ನೋಂದಣಿಯ ಅವಧಿ ನೋಡಿಕೊಳ್ಳಿ. ಐದು ವರ್ಷಕ್ಕೊಮ್ಮೆ ನವೀಕರಿಸಬೇಕು.

ಜಾಗ ನೆಲಮಹಡಿಯಲ್ಲೇ ಇರಲಿ, ಮಂಡಿನೋವಿನ ಅಜ್ಜಿ ಮೆಟ್ಟಿಲು ಹತ್ತಲಾರರು. ಬಾಡಿಗೆಯ ಜಾಗವಾದರೆ ಲೀವ್ ಆ್ಯಂಡ್ ಲೈಸೆನ್ಸ್ ಕರಾರು ನೋಂದಣಿ ಆಗಲೇಬೇಕು. ಸೊಸೈಟಿಯ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ನೌಕರರು ಕೆಲವರಷ್ಟೇ ಇದ್ದರೆ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಡಿ ಆನ್‌ಲೈನ್ ಮಾಹಿತಿ ಕೊಟ್ಟರಾಯಿತು. ಹಾಸಿಗೆ ಹಾಕಿ ರೋಗಿಗಳನ್ನು ಸೇರಿಸಿಕೊಂಡರೆ ನರ್ಸಿಂಗ್ ಹೋಮ್ ನೋಂದಣಿ ಬೇಕು. ಹಾಸಿಗೆ ಇಲ್ಲದಿದ್ದರೂ ಸೂಜಿ, ಹತ್ತಿ, ಬ್ಯಾಂಡೇಜ್ ಕಸದ ವಿಲೇವಾರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ತಪ್ಪದು.

ಸಂಬಳವನ್ನು ಒಮ್ಮೆಲೇ ಬಿಡಬೇಡಿ. ಆಸ್ಪತ್ರೆಯ ಕರಾರು ಒಪ್ಪಿದರೆ ಅರ್ಧ ದಿನ ಅಲ್ಲಿ, ಅರ್ಧ ದಿನ ಕ್ಲಿನಿಕ್ ಎಂದು ಶುರುಮಾಡಿ. ಆದಾಯ ಕಮ್ಮಿಯಿರುವ ಆ ತಿಂಗಳುಗಳಲ್ಲೇ ಲ್ಯಾಬ್‌ನವರು ‘ಕಟ್’ ಕೊಡುತ್ತೇವೆಂದು ಬರುತ್ತಾರೆ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು ವೈದ್ಯಕೀಯ ಮಂಡಳಿಯ 2002ರ ನೀತಿಸಂಹಿತೆಯೇ ನಿಷೇಧಿಸಿದೆ. ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ಇಲ್ಲ ಎನ್ನಿ. ಕ್ಲಿನಿಕ್‌ನ ಸಂಜೆಯ ವೇಳೆಯನ್ನು ರಾತ್ರಿ ಹತ್ತರವರೆಗೆ ಇಟ್ಟುಕೊಳ್ಳಿ. ಚರ್ಚ್‌ಗೇಟಿಂದಲೋ ಸಿಎಸ್‌ಎಂಟಿಯಿಂದಲೋ ಲೋಕಲ್ ಹಿಡಿದು ಬರುವವರು ಊರು ಮುಟ್ಟುವಾಗ ಒಂಬತ್ತು ದಾಟಿರುತ್ತದೆ.