ಗೋಡೆ ಒಣಗಬೇಕಾದರೆ ಅಂಗಳ ನೋಡಿ

ಉಡುಪಿ ಕಡೆಯ ನಮ್ಮ ಹಳೆಯ ಮನೆ ಮುರಕಲ್ಲಿನದು. ಹಂಚಿನ ಮಾಡು, ಗೋಡೆಗೆ ಸುಣ್ಣದ ಗಾರೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೂ ಅಜ್ಜನ ಕಾಲದಲ್ಲಿ ಗೋಡೆಗಳು ಒಂದು ಹದದಲ್ಲಿದ್ದವು. ಗಾರೆ ಕೆತ್ತಿ ಸಿಮೆಂಟ್ ಬಳಿದು, ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ ಮೇಲೆ ಚಾವಡಿಯ ಗೋಡೆ ಸೊಂಟದೆತ್ತರಕ್ಕೆ ಒದ್ದೆಯಾಗತೊಡಗಿತು.

ತೇವ ಎಲ್ಲಿಂದ ಬಂತೆಂದು ಗೋಡೆಯೇ ಹೇಳುತ್ತದೆ. ಬುಡದಿಂದ ಏರಿದ್ದರೆ ನೆಲದ ನೀರು, ಮೇಲಿಂದ ಇಳಿದಿದ್ದರೆ ಒಡೆದ ಹಂಚು, ನಡುವೆ ಒಂದೇ ಕಡೆ ಕಲೆಯಿದ್ದರೆ ಆಚೆಯ ಬಚ್ಚಲು ಅಥವಾ ಪೈಪು. ಅನುಮಾನವಿದ್ದರೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದರೆ ನೀರು ಗೋಡೆಯದು; ಹೊರಮೈ ಬೆವತರೆ ಕೋಣೆಯ ಗಾಳಿಯದು.

ನಮ್ಮಲ್ಲಿ ಬಣ್ಣದ ಗುಳ್ಳೆ ಒಡೆದಾಗ ಬಿಳಿ ಹುಡಿ ಉದುರುತ್ತಿತ್ತು. ಅದು ಬೂಸರಲ್ಲ, ಉಪ್ಪು. ನೆಲದ ನೀರಿನೊಂದಿಗೆ ಏರಿ, ನೀರು ಆರಿದಲ್ಲಿ ಹರಳುಗಟ್ಟಿ ಗಿಲಾವನ್ನು ಸಿಡಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ, ಗುಡಿಸಿ ಹೊರಗೆ ಹಾಕಬೇಕು.

ಹಿರಿಯ ಮೇಸ್ತ್ರಿಯೊಬ್ಬರು ಬಂದು ಚಾವಡಿಗೆ ಕಾಲಿಡುವ ಮೊದಲು ಅಂಗಳ ನೋಡಿದರು. "ಹೊರಗಿನ ನೆಲ ಒಳಗಿನದ್ದಕ್ಕಿಂತ ಎತ್ತರ ಆಗಿದೆ ಮಾರಾಯ್ರೆ. ಮೊದಲು ಇಲ್ಲಿ ಅಗೆಯುವ, ಗೋಡೆ ಆಮೇಲೆ" ಎಂದರು. ಗೋಡೆಯಂಚಿನ ಇಂಟರ್‌ಲಾಕ್ ಎಬ್ಬಿಸಿ, ಮಣ್ಣನ್ನು ಒಳನೆಲಕ್ಕಿಂತ ಒಂದು ಗೇಣು ತಗ್ಗಿಸಿ, ನೀರು ತೋಟದತ್ತ ಹರಿಯುವಂತೆ ಕಣಿ ಮಾಡಿದೆವು.

ಒಳಗೆ ಒದ್ದೆಯ ಗೆರೆಗಿಂತ ಎರಡಡಿ ಮೇಲಿನವರೆಗೆ ಸಿಮೆಂಟ್ ಕೆತ್ತಿಸಿದೆವು. ಸಿಮೆಂಟ್ ತೇವವನ್ನು ಸುಲಭವಾಗಿ ಹೊರಬಿಡುವುದಿಲ್ಲ. ಆರಲು ಜಾಗ ಸಿಗದ ನೀರು ಇನ್ನೂ ಮೇಲೇರುತ್ತದೆ. ವಾಟರ್‌ಪ್ರೂಫ್ ಬಣ್ಣ ಬಳಿದರೂ ಇದೇ ಕಥೆ. ಬೇಸಿಗೆಯಿಡೀ ಕಲ್ಲು ಹಾಗೆಯೇ ಕಾಣುತ್ತಿತ್ತು, ಬಂದವರೆಲ್ಲ "ಕೆಲಸ ಅರ್ಧಕ್ಕೆ ನಿಂತಿತಾ?" ಎಂದು ಕೇಳುತ್ತಿದ್ದರು. ಈ ಬಿಡುವು ಕೊಡದಿದ್ದರೆ ಉಳಿದದ್ದೆಲ್ಲ ದಂಡ. ಪೂರ್ತಿ ಒಣಗಿದ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಕಲಸಿ ತೆಳುವಾಗಿ ಗಾರೆ ಮೆತ್ತಿಸಿ, ಸುಣ್ಣ ಹೊಡೆಸಿದೆವು.

ಈಗಲೂ ಆಟಿಯ ಮಳೆಗೆ ಗೋಡೆಯ ಬುಡ ಸ್ವಲ್ಪ ಕಪ್ಪಾಗುತ್ತದೆ, ಮಳೆ ಬಿಟ್ಟ ಮೇಲೆ ತಾನೇ ಆರುತ್ತದೆ. ಹಳೆಯ ಮನೆಯಲ್ಲಿ ಅಷ್ಟು ನಡೆಯುತ್ತದೆ. ಬಣ್ಣದವರಿಗೆ ಫೋನ್ ಮಾಡುವ ಮುಂಚೆ, ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆಗೊಂದು ಸುತ್ತು ಬನ್ನಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ಅದಕ್ಕೆ ಖರ್ಚೇನೂ ಇಲ್ಲ.