ಋತುಮಾನದ ವ್ಯಾಪಾರ: ಬೇಸಿಗೆಯಲ್ಲಿ ಬಾಗಿಲು ಹಾಕಬೇಕೇ?

ಹಿಮಕ್ರೀಡೆಗೆ ಹೆಸರಾದ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಹಿಮ ಕರಗಿದ ಮೇಲೂ ರೋಪ್‌ವೇ ಸಂಚರಿಸುತ್ತದೆ. ಪ್ರವಾಸಿಗರು ಹುಲ್ಲುಗಾವಲು ನೋಡಲು ಬರುತ್ತಾರೆ. ಆಲಮಟ್ಟಿಯ ವರ್ತಕರ ಪ್ರಶ್ನೆಯೂ ಇಂಥದೇ. ಮಳೆಗಾಲದಲ್ಲಿ ಅಣೆಕಟ್ಟಿನ 26 ಗೇಟುಗಳತ್ತ ಜನ ಧಾವಿಸುತ್ತಾರೆ. ಕೃಷ್ಣೆಯ ನೀರು ಇಳಿದ ಮೇಲೆ ರಾಕ್ ಗಾರ್ಡನ್, ಸಂಗೀತ ಕಾರಂಜಿಗಳೇ ಆಧಾರ.

ಅಲ್ಲಿನ ಒಂದು ಉಪಾಹಾರ ಗೃಹವನ್ನು ಊಹಿಸೋಣ. ಬಾಡಿಗೆ ಮತ್ತು ಸಾಲದ ಬಡ್ಡಿ ಮಾಸಿಕ ರೂ. 20,000, ಬಾಗಿಲು ಹಾಕಿದರೂ ಇದು ತಪ್ಪದು. ತೆರೆದಿಟ್ಟರೆ ಕೂಲಿ, ವಿದ್ಯುತ್ತು ಸೇರಿ ಇನ್ನೂ ರೂ. 15,000. ಏಪ್ರಿಲ್‌ನ ಮಾರಾಟದಲ್ಲಿ ಸಾಮಗ್ರಿಯ ವೆಚ್ಚ ಕಳೆದು ರೂ. 25,000 ಉಳಿಯಿತೆನ್ನಿ. ಖಾತೆ ಪುಸ್ತಕ ರೂ. 10,000 ನಷ್ಟ ತೋರಿಸುತ್ತದೆ. ಮಾಲೀಕ ಬೀಗ ಹುಡುಕುತ್ತಾನೆ! ಆದರೆ ಮುಚ್ಚಿದರೆ ನಷ್ಟ ರೂ. 20,000. ಉಳಿಕೆಯು ರೂ. 15,000ಕ್ಕಿಂತ ಕೆಳಗಿಳಿದಾಗ ಮಾತ್ರ ಮುಚ್ಚುವುದು ಲಾಭಕರ. ಅಡುಗೆಯವನಿಗೆ ವರ್ಷದ ಸಂಬಳ ಗೊತ್ತುಪಡಿಸಿದ್ದರೆ ಅದು ಸ್ಥಿರ ವೆಚ್ಚಕ್ಕೆ ಸೇರತಕ್ಕದ್ದು. ಆಗ ತೆರೆದಿಡುವ ವಾದ ಮತ್ತಷ್ಟು ಬಲಗೊಳ್ಳುತ್ತದೆ.

ಸಾಲದ ಕಂತಿನ ಅಸಲು ಈ ಲೆಕ್ಕದಲ್ಲಿ ಬರುವುದಿಲ್ಲ, ಅದು ವೆಚ್ಚವಲ್ಲ. ಆದರೂ ನಗದು ಬೇಕೇ ಬೇಕು. ಬೇಸಿಗೆಯ ಕಂತುಗಳ ಹಣವನ್ನು ಆಗಸ್ಟ್‌ನ ಗಲ್ಲಾಪೆಟ್ಟಿಗೆಯಿಂದಲೇ ತೆಗೆದು ಬೇರೆ ಖಾತೆಯಲ್ಲಿಡುವುದು ಕ್ಷೇಮ.