ಕಿವಿ ಮಶೀನು ಮತ್ತು ಶಬ್ದ ಮಾಲಿನ್ಯ

ನೀರು ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಗಾಳಿ ಕೆಟ್ಟರೆ ಮೂಗಿಗೆ ತಿಳಿಯುತ್ತದೆ. ಬೇಡವಾದ ದೊಡ್ಡ ಸಪ್ಪಳವೂ ಮಾಲಿನ್ಯವೇ. ಅದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 10 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ 10 ಪಟ್ಟಾಗುತ್ತದೆ, 20 ಏರಿದರೆ 100 ಪಟ್ಟು!

ನಮ್ಮ ಒಳಕಿವಿಯಲ್ಲಿ ಶಂಖದಂತೆ ಸುರುಳಿಯಾದ ಒಂದು ಭಾಗವಿದೆ. ಅದರೊಳಗೆ ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ. ವಯಸ್ಸಾದಂತೆ ಅವು ಸಾಯುತ್ತವೆ, ಜೋರು ಸಪ್ಪಳಕ್ಕೆ ಇನ್ನೂ ಬೇಗ ಸಾಯುತ್ತವೆ. ತಲೆಗೂದಲು ಬೋಳಿಸಿದರೆ ಮತ್ತೆ ಬರುತ್ತದೆ, ಇವು ಬರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಕಿವಿ ಮಂದವಾಗುವುದು ಹೆಚ್ಚು.

ನಮ್ಮ ಅಜ್ಜನಿಗೆ ಸಕ್ಕರೆ, ಬಿ.ಪಿ. ಎರಡೂ ಇವೆ. ಕಿವಿಗೆ ಮಶೀನು ತಂದಿದ್ದೇವೆ, ಆದರೆ ಅದು ಅಂಗಿ ಕಿಸೆಯಲ್ಲೇ ಇರುತ್ತದೆ. "ಇಷ್ಟ ರೊಕ್ಕಾ ಕೊಟ್ಟ ತಂದೈತಿ, ಮಾವಾರು ಹಾಕ್ಕೊಳ್ಳೂದ ಇಲ್ಲ" ಅಂತ ಅವ್ವನ ಸಿಟ್ಟು. ಅಜ್ಜ ಅಂತಾನೆ, "ಅದು ನಿಮ್ಮ ಮಾತಿಗಿಂತ ಗಿರಣಿ ಸಪ್ಪಳಾನ ಜಾಸ್ತಿ ಕೇಳಸ್ತೈತಿ."

ನನ್ನ ಪ್ರಕಾರ ಅಜ್ಜನ ಮಾತೇ ಖರೆ. ಮಶೀನಿನೊಳಗೆ ಸಣ್ಣ ಮೈಕು, ಸಣ್ಣ ಸ್ಪೀಕರ್ ಇರುತ್ತವೆ. ಮೈಕಿಗೆ ಬಂದ ಮಾತನ್ನೂ ದೊಡ್ಡದು ಮಾಡುತ್ತದೆ, ಗದಗ ರಸ್ತೆಯ ಹಾರ್ನನ್ನೂ ದೊಡ್ಡದು ಮಾಡುತ್ತದೆ. ಈಗಿನ ಡಿಜಿಟಲ್ ಮಶೀನುಗಳು ಸ್ವಲ್ಪ ಗದ್ದಲ ಸೋಸುತ್ತವೆ. ಆದರೆ ಜೋಳ ಹಸನು ಮಾಡಿದಂತೆ ಪೂರ್ತಿ ಬೇರೆ ಮಾಡಲು ಅವುಗಳಿಗೂ ಆಗುವುದಿಲ್ಲ.

ಗದ್ದಲದಲ್ಲಿ ಕೇಳದಿದ್ದರೂ ಅಜ್ಜ "ಹೂಂ" ಅಂದುಬಿಡುತ್ತಾನೆ. ಮತ್ತೆ ಮತ್ತೆ ಕೇಳಲು ಅವನಿಗೆ ನಾಚಿಕೆ. ಭಯ ಇರುವುದೇ ಇಲ್ಲಿ. ಸಕ್ಕರೆ ಗುಳಿಗೆ ಅರ್ಧವೋ ಒಂದೋ, ಊಟಕ್ಕೆ ಮೊದಲೋ ಆಮೇಲೋ ಎಂಬುದು ತಪ್ಪಿದರೆ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಇಳಿದು ತಲೆ ಸುತ್ತಿ ಬೀಳಬಹುದು.

ಬಿ.ಪಿ.ಗೂ ಸಪ್ಪಳಕ್ಕೂ ಸಂಬಂಧ ಇದೆ. ಜೋರು ಸಪ್ಪಳವಾದರೆ ದೇಹದಲ್ಲಿ ಅಡ್ರಿನಲಿನ್ ಹೊರಡುತ್ತದೆ, ರಕ್ತನಾಳ ಬಿಗಿಯುತ್ತವೆ, ಎದೆಬಡಿತ ಏರುತ್ತದೆ. ನಿದ್ದೆಯಲ್ಲೂ ಹೀಗಾಗುತ್ತದೆ. ಅದಕ್ಕೇ ಬಿ.ಪಿ. ನೋಡುವ ಮೊದಲು 5 ನಿಮಿಷ ಮಾತಾಡದೆ ಸುಮ್ಮನೆ ಕೂಡಬೇಕು. ಓಣಿಯಲ್ಲಿ ಮದುವೆ ಡಿ.ಜೆ. ಹೋಗುವಾಗ ನೋಡಿದರೆ ಬಂದ ಅಂಕಿ ಅಜ್ಜನದೋ ಡಿ.ಜೆ.ದೋ!

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ದಾಟಬಾರದು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಮೈಕು ಹಚ್ಚುವಂತಿಲ್ಲ. ಹಬ್ಬಕ್ಕೆಂದು ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಬಿಡಬಹುದು. ಆಸ್ಪತ್ರೆ, ಶಾಲೆಗಳ ಸುತ್ತಲಿನ 100 ಮೀಟರ್ ಜಾಗವನ್ನು ಸರ್ಕಾರ ಶಾಂತ ವಲಯ ಎಂದು ಘೋಷಿಸಬಹುದು. ಆದರೆ ನಮ್ಮ ಮುಳಗುಂದದಲ್ಲಿ ಬಿ.ಪಿ., ಸಕ್ಕರೆ ಇದ್ದ ಹಿರಿಯರು ಆಸ್ಪತ್ರೆಯಲ್ಲಿ ಇರುವುದಿಲ್ಲ, ಮನೆಯ ಕಟ್ಟೆಯ ಮೇಲೆ ಇರುತ್ತಾರೆ!

ಈಗ ಗುಳಿಗೆ ಮಾತು ಬಂದಾಗ ನಾನು ಟಿ.ವಿ. ಬಂದ್ ಮಾಡಿ, ಅಜ್ಜನ ಎದುರು ಕುಂತು, ಬಾಯಿ ಕಾಣುವಂತೆ ಸಾವಕಾಶ ಹೇಳುತ್ತೇನೆ. ಒದರುವುದಿಲ್ಲ, ಮಶೀನು ಅದನ್ನೂ ದೊಡ್ಡದು ಮಾಡುತ್ತದೆ. ಆಮೇಲೆ "ಎಷ್ಟ ಗುಳಿಗಿ, ಅಜ್ಜಾ?" ಅಂತ ತಿರುಗಿ ಕೇಳುತ್ತೇನೆ. ಮಧ್ಯಾಹ್ನ ಗಿರಣಿ ನಿಂತ ಮೇಲೆ ಬಿ.ಪಿ. ನೋಡುತ್ತೇವೆ.